ಹಿತ್ತಲಿಗೊಂದು ಗಗನಚುಕ್ಕಿ

ಮಂಡ್ಯದವರಿಗೆ ಜಲಪಾತದ ಬರವಿಲ್ಲ. ಮಳವಳ್ಳಿ ದಾಟಿದರೆ ಗಗನಚುಕ್ಕಿ. ಅಲ್ಲಿನ ಕಾವೇರಿಯನ್ನೇ ದುಡಿಸಿ 1902ರಲ್ಲಿ ಕೋಲಾರದ ಚಿನ್ನದ ಗಣಿಗೆ ಕರೆಂಟು ಕಳಿಸಿದ್ದಾಯಿತು. ಆದರೂ ಬೆಂಗಳೂರಲ್ಲಿ ದುಡಿದು ಕೊತ್ತತ್ತಿ ಕಡೆ ತೋಟದ ಮನೆ ಕಟ್ಟಿಸುವ ನೆಂಟರಿಗೆ ಬರೀ ಈಜುಕೊಳ ಸಾಲದು, ಅದಕ್ಕೊಂದು ಜಲಪಾತವೂ ಬೇಕು.

ಕ್ಯಾಟಲಾಗ್ ಬಂತು. ಅತ್ತಿಗೆಗೆ ಗಾಜಿನಂತೆ ಇಳಿಯುವ ನೀರಿನ ಹಾಳೆ, ಮಕ್ಕಳಿಗೆ ಬಂಡೆ, ಭಾವನಿಗೆ ನೀರುಗುಳುವ ಸಿಂಹ. ಪ್ಲಂಬರ್ ಮಾತ್ರ ಪೈಪಿನ ಪಕ್ಷ: "ಹಾಳೆ ಹರೀದಂಗೆ ಬೀಳ್ಬೇಕಂದ್ರೆ ಅಡಿ ಅಗಲಕ್ಕೆ ನಿಮಿಷಕ್ಕೆ 40 ಲೀಟರಾದ್ರೂ ಬೇಕು ಸಾ. ಮೂರಡಿಗೆ ನೀವೇ ಲೆಕ್ಕ ಹಾಕ್ಕಳಿ. 2 ಇಂಚಿನ ಪೈಪು, ಬ್ಯಾರೆ ಪಂಪು, ಹಿಡಿತಕ್ಕೊಂದು ವಾಲ್ವು. ಮೊಣಕೈ ಬೆಂಡು ಜಾಸ್ತಿ ಆದ್ರೆ ನೀರಿನ ಜೋರು ಅಲ್ಲೇ ಸತ್ತೋಯ್ತದೆ. ಎತ್ರ ಜಾಸ್ತಿ ಆದ್ರೆ ಅರ್ಧ ನೀರು ಎರಚಿ ಹುಲ್ಲಿಗೇ ಹೋಯ್ತದೆ."

ಎಲ್ಲ ಕೇಳಿಸಿಕೊಂಡ ದೊಡ್ಡಪ್ಪ ಎಲೆಯಡಿಕೆ ಉಗಿದು ಕಬ್ಬಿನ ಗದ್ದೆಯತ್ತ ಕೈ ತೋರಿದರು. "ಅಲ್ಲಿ ಪಂಪ್‌ಸೆಟ್ ತೊಟ್ಟಿ ಅದಲ್ಲಾ, ಅದೇನ್ಲಾ ಮತ್ತೆ?"

ನಿಜ. ದಪ್ಪ ಪೈಪಿನಿಂದ ದಬದಬ ಬೀಳುವ ನೀರು, ಬೆನ್ನಿಗೆ ಉಚಿತ ಮಸಾಜು. ಕ್ಲೋರಿನ್ ಇಲ್ಲ, ಫಿಲ್ಟರ್ ಇಲ್ಲ. ಮಿಂದ ನೀರು ಸೀದಾ ಕಬ್ಬಿಗೆ. ಇರುವುದೊಂದೇ ಐಬು: ಈ ಜಲಪಾತ ತ್ರೀಫೇಸ್ ಇದ್ದಾಗ ಮಾತ್ರ ಧುಮುಕುತ್ತದೆ. ಅದು ರಾತ್ರಿ ಎರಡಕ್ಕೂ ಬರಬಹುದಾದ್ದರಿಂದ ಪ್ರವಾಸಿಗರು ಟವಲ್ ಜೊತೆ ಟಾರ್ಚೂ ತರತಕ್ಕದ್ದು.