ಎರಡು ಲೀಟರ್ ಪುಡಿನೀರು ಮತ್ತು ಆರೂವರೆ ಬಸ್ಸು

ದಾವಣಗೆರೆ ಜಿಲ್ಲೆಯಲ್ಲಿ ಹೊಟ್ಟೆ ತುಂಬಿಸುವ ವಿದ್ಯೆಗೆ ಯಾವತ್ತೂ ಕೊರತೆಯಾಗಿಲ್ಲ. ಬೆಣ್ಣೆ ದೋಸೆ ಇದೆ, ಮಂಡಕ್ಕಿ ಮೆಣಸಿನಕಾಯಿ ಇದೆ, ಬೀಗರ ಮನೆಯಲ್ಲಿ ಎರಡನೇ ಸಲ ಬಡಿಸಿದ್ದನ್ನು ಬೇಡವೆಂದರೆ ಮೂರು ವರ್ಷ ಮಾತು ಬಿಡುವ ಬೀಗಿತ್ತಿಯರಿದ್ದಾರೆ. ಇಂಥ ಸೀಮೆಯ ಮನುಷ್ಯನಿಗೆ ಐವತ್ತು ದಾಟಿದ ಮೇಲೆ ಡಾಕ್ಟರು ಒಂದು ದಿನ ಚೀಟಿ ಬರೆದು ಕೊಡುತ್ತಾರೆ: ಕೊಲೊನೋಸ್ಕೋಪಿ. ಬೆರಳಿನಷ್ಟು ದಪ್ಪದ ಕ್ಯಾಮೆರಾ ಕೊಳವೆಯನ್ನು ಹಿಂದಿನ ಬಾಗಿಲಿನಿಂದ ಬಿಟ್ಟು, ಒಂದೂವರೆ ಮೀಟರ್ ಉದ್ದದ ದೊಡ್ಡ ಕರುಳನ್ನು ಒಳಗಿನಿಂದ ನೋಡುವ ಪರೀಕ್ಷೆ. 1969ರಲ್ಲಿ ನ್ಯೂಯಾರ್ಕಿನಲ್ಲಿ ವಿಲಿಯಂ ವೋಲ್ಫ್ ಮತ್ತು ಹಿರೋಮಿ ಶಿನ್ಯಾ ಎಂಬ ವೈದ್ಯರು ಇದೇ ದಾರಿಯಲ್ಲಿ ಕರುಳಿನ ಗಂಟು ಕತ್ತರಿಸಿ ತೆಗೆಯುವ ಕೆಲಸ ಶುರು ಮಾಡಿದರು. ಪರೀಕ್ಷೆ ಅರ್ಧ ಗಂಟೆಯದ್ದು. ಮಂಪರಿನ ಇಂಜೆಕ್ಷನ್ ಕೊಟ್ಟರೆ ಅದೂ ಗೊತ್ತಾಗುವುದಿಲ್ಲ. ಗೊತ್ತಾಗುವುದೆಲ್ಲ ಹಿಂದಿನ ದಿನ.

ಹಿಂದಿನ ದಿನದ ಮೊದಲ ಏಟು ಬೀಳುವುದು ತಟ್ಟೆಯ ಮೇಲೆ. ನಾರು, ಬೀಜ, ಸಿಪ್ಪೆ ಇರುವುದೆಲ್ಲ ಬಂದ್. ಜಗಳೂರಿನವರಿಗೆ ರಾಗಿ ಮುದ್ದೆ, ಸೊಪ್ಪಿನ ಸಾರು ಹೋದರೆ ಉಳಿಯುವುದು ಬರೀ ಲೋಟ. ಹೊನ್ನಾಳಿಯವರು ಮಾತ್ರ ಒಳಗೊಳಗೇ ನಗುತ್ತಾರೆ. ತುಂಗಭದ್ರೆಯ ದಡದ ಬಿಳಿ ಅನ್ನ, ನೀರು ಮಜ್ಜಿಗೆ ನಾರಿಲ್ಲದ ಊಟವಾದ್ದರಿಂದ ಹಿಂದಿನ ದಿನ ಮಧ್ಯಾಹ್ನದವರೆಗೆ ಬಹಳ ಕಡೆ ಒಪ್ಪಿಗೆಯಿದೆ. ಆಮೇಲೆ ಎಳನೀರು, ತಿಳಿಸಾರು, ಹಾಲಿಲ್ಲದ ಚಹಾ, ಇಷ್ಟೇ. ಕೆಂಪು ಬಣ್ಣದ್ದು ಏನೂ ಕುಡಿಯಬಾರದು, ಒಳಗೆ ಕ್ಯಾಮೆರಾಕ್ಕೆ ರಕ್ತದ ಹಾಗೆ ಕಾಣುತ್ತದೆ. ಈ ನಿಯಮ ಕೇಳಿದ ಚನ್ನಗಿರಿಯ ಅಡಿಕೆ ತೋಟದ ಯಜಮಾನರು ಬಾಯಲ್ಲಿದ್ದ ಎಲೆಯಡಿಕೆಯನ್ನು ಒಂದು ದವಡೆಯಿಂದ ಇನ್ನೊಂದಕ್ಕೆ ಸರಿಸಿ, "ಇದು ಕುಡಿಯೋದಲ್ಲಲ್ರೀ ಡಾಕ್ಟ್ರೇ, ಅಗಿಯೋದು" ಎಂದು ವಾದ ಹೂಡಬಹುದು. ವಾದ ಗೆಲ್ಲುವುದಿಲ್ಲ.

ತಿನ್ನುವುದನ್ನು ನಿಲ್ಲಿಸಿದರೆ ಸಾಲದು, ಇದ್ದದ್ದನ್ನು ಹೊರಗೆ ಕಳಿಸಬೇಕು. ಅದಕ್ಕೆ ಡಾಕ್ಟರು ಬರೆಯುವುದು ನೀರಿಗೆ ಕಲಸಿ ಕುಡಿಯುವ ಪುಡಿಯ ಪ್ಯಾಕೆಟ್ಟು. ಆದರೆ ಇಲ್ಲಿ ಮನೆಮನೆಗೂ ಒಬ್ಬ ತಜ್ಞರು.

ಮೊದಲು ಬಾಯಿ ಹಾಕುವವರು ಅಜ್ಜಿ. "ಅದಕ್ಕ್ಯಾಕೋ ಪ್ಯಾಕೆಟ್ಟು? ಎರಡು ಚಮಚ ಹರಳೆಣ್ಣೆ ಕುಡ್ದು ಬಿಸಿನೀರು ಕುಡಿ." ಅಜ್ಜಿಯ ಮಾತನ್ನು ತೀರಾ ತಳ್ಳಿಹಾಕುವಂತಿಲ್ಲ. ಕರುಳಿನ ಎಕ್ಸ್‌ರೇ ತೆಗೆಯುತ್ತಿದ್ದ ಕಾಲದಲ್ಲಿ ಆಸ್ಪತ್ರೆಗಳೂ ಹರಳೆಣ್ಣೆಯನ್ನೇ ನಂಬಿದ್ದವು. ಆದರೆ ಅದು ಹೊಟ್ಟೆ ನುಲಿಸಿ ನುಲಿಸಿ ಕಳಿಸುತ್ತದೆ, ಕಳಿಸಿದ್ದರಲ್ಲೂ ಅರ್ಧಂಬರ್ಧ ಉಳಿಸಿಕೊಳ್ಳುತ್ತದೆ. ಸೋನಾಮುಖಿ ಎಲೆಯ ಕಷಾಯದ್ದೂ ಇದೇ ಹಾಡು. ಅದರ ಸಾರ ಸೇರಿದ ಮಾತ್ರೆಯನ್ನು ಈಗಲೂ ಪುಡಿನೀರಿನ ಜೊತೆಗೆ ಸಹಾಯಕನಾಗಿ ಕೊಡುವುದುಂಟು. ಎನಿಮಾ ಎಂದರೆ ಹಳೆಯ ತಲೆಮಾರಿಗೆ ಸರ್ಕಾರಿ ಆಸ್ಪತ್ರೆಯ ಗೋಡೆಯಲ್ಲಿ ನೇತಾಡುತ್ತಿದ್ದ ಡಬ್ಬಿ ನೆನಪಾಗುತ್ತದೆ. ಅದು ತೊಳೆಯುವುದು ಕರುಳಿನ ಕೊನೆಯ ತುಂಡನ್ನು ಮಾತ್ರ. ಪಡಸಾಲೆ ಗುಡಿಸಿ ಹಿತ್ತಿಲು ಬಿಟ್ಟರೆ ಡಾಕ್ಟರು ಒಪ್ಪುವುದಿಲ್ಲ.

ಯೋಗ ಶಿಬಿರಕ್ಕೆ ಹೋಗಿಬಂದ ಬಂಧುಗಳದ್ದು ಶಂಖ ಪ್ರಕ್ಷಾಲನದ ಸಲಹೆ. ಉಗುರುಬೆಚ್ಚಗಿನ ಉಪ್ಪುನೀರು ಕುಡಿಯುವುದು, ತಾಡಾಸನ, ಕಟಿಚಕ್ರಾಸನ, ಭುಜಂಗಾಸನ ಮಾಡುವುದು, ಮತ್ತೆ ಕುಡಿಯುವುದು. ಘೇರಂಡ ಸಂಹಿತೆಯಲ್ಲಿ ಇದು ವಾರಿಸಾರ ಧೌತಿ. ನಗುವಂತಿಲ್ಲ. ನ್ಯೂಯಾರ್ಕಿನ ವೈದ್ಯ ವಿಜಯಪಾಲ್ ಆರ್ಯ ಮತ್ತು ಸಂಗಡಿಗರು ಕೊಲೊನೋಸ್ಕೋಪಿಗೆ ಬಂದವರಲ್ಲಿ ಕೆಲವರಿಗೆ ಉಪ್ಪುನೀರು ಮತ್ತು ಆಸನ, ಉಳಿದವರಿಗೆ ಎಂದಿನ ಔಷಧ ಕೊಟ್ಟು ಹೋಲಿಸಿ 2013ರಲ್ಲಿ ಪ್ರಕಟಿಸಿದರು. ಉಪ್ಪುನೀರೇನೂ ಸೋಲಲಿಲ್ಲ. ಆದರೆ ಅದು ಚಿಕ್ಕ ಪ್ರಯೋಗ, ಮೇಲ್ವಿಚಾರಣೆಯಲ್ಲಿ ನಡೆದದ್ದು. ಬಿಪಿ, ಹೃದಯ, ಕಿಡ್ನಿ ತೊಂದರೆ ಇರುವವರು ಯೂಟ್ಯೂಬ್ ನೋಡಿ ಉಪ್ಪುನೀರು ಕುಡಿದರೆ ಕೊಲೊನೋಸ್ಕೋಪಿಗೆ ಮುಂಚೆಯೇ ಬೇರೆ ವಾರ್ಡು ಸೇರುವ ಸಾಧ್ಯತೆಯಿದೆ.

ಔಷಧದ ಅಂಗಡಿಯಲ್ಲಿ ಸಿಗುವುದರಲ್ಲೂ ಎರಡು ಜಾತಿ. ಒಂದು ಚಿಕ್ಕ ಬಾಟಲಿ, ಇನ್ನೊಂದು ದೊಡ್ಡ ಪುಡಿ ಪ್ಯಾಕೆಟ್ಟು. ಎಲ್ಲರ ಕೈಯೂ ಚಿಕ್ಕ ಬಾಟಲಿಯ ಕಡೆಗೇ ಹೋಗುತ್ತದೆ. ಅದರಲ್ಲಿ ಸೋಡಿಯಂ ಫಾಸ್ಫೇಟ್ ಇದ್ದರೆ ಎಚ್ಚರ. ಕುಡಿಯುವುದು ಕಡಿಮೆ ನಿಜ, ಆದರೆ ಬೇಕಾದ ನೀರನ್ನು ಅದು ಮೈಯಿಂದಲೇ ಕರುಳಿಗೆ ಎಳೆದುಕೊಳ್ಳುತ್ತದೆ, ಫಾಸ್ಫೇಟು ಕಿಡ್ನಿಯಲ್ಲಿ ಕೂರುತ್ತದೆ. ಕಿಡ್ನಿ ಕೆಟ್ಟ ಪ್ರಕರಣಗಳನ್ನು ಕಂಡು ಅಮೆರಿಕದ ಔಷಧ ಇಲಾಖೆ 2008ರಲ್ಲಿ ಕಟ್ಟುನಿಟ್ಟಿನ ಎಚ್ಚರಿಕೆ ಕೊಟ್ಟಿತು; ಚೀಟಿಯಿಲ್ಲದೆ ಮಾರುತ್ತಿದ್ದ ಬಾಟಲಿಗಳು ಅಲ್ಲಿನ ಅಂಗಡಿಗಳಿಂದ ಮಾಯವಾದವು. ಸಲ್ಫೇಟ್ ಲವಣಗಳ ಬಾಟಲಿ ಬೇರೆ, ಅದಕ್ಕೆ ಈ ಅಪಖ್ಯಾತಿಯಿಲ್ಲ. ಆದರೆ ಅದರ ಮೇಲೂ ಸಾಕಷ್ಟು ನೀರು ಕುಡಿಯಲೇಬೇಕು. ಇದಕ್ಕೂ ಮುಂಚೆ ಮ್ಯಾನಿಟಾಲ್ ಎಂಬ ಸಿಹಿಯಾದ ದ್ರಾವಣವಿತ್ತು, ಕುಡಿಯಲು ಸುಖ. ಕರುಳಿನ ಬ್ಯಾಕ್ಟೀರಿಯಾಗಳಿಗೂ ಅದು ಸುಖವೇ. ತಿಂದು ಹೈಡ್ರೋಜನ್ ಬಿಡುತ್ತಿದ್ದವು. ವಿದ್ಯುತ್ ತಂತಿಯಿಂದ ಗಂಟು ಕತ್ತರಿಸುವಾಗ ಕರುಳೇ ಸ್ಫೋಟಗೊಂಡು ರೋಗಿ ಸತ್ತದ್ದನ್ನು ಫ್ರಾನ್ಸಿನ ವೈದ್ಯರು 1979ರಲ್ಲಿ ವರದಿ ಮಾಡಿದರು. ರುಚಿ ನೋಡಿ ಔಷಧ ಆರಿಸಬಾರದು ಎನ್ನುವುದಕ್ಕೆ ಇದಕ್ಕಿಂತ ದೊಡ್ಡ ಉದಾಹರಣೆ ಬೇಡ.

ಉಳಿದದ್ದು ಪುಡಿ. ಪಾಲಿಎಥಿಲೀನ್ ಗ್ಲೈಕಾಲ್, ಬಾಯಿಮಾತಿನಲ್ಲಿ ಪೆಗ್. 1980ರಲ್ಲಿ ಅಮೆರಿಕದ ಜಾನ್ ಫೋರ್ಡ್‌ಟ್ರಾನ್ ಮತ್ತು ಸಹೋದ್ಯೋಗಿಗಳು ಲವಣಗಳ ಲೆಕ್ಕ ಹಾಕಿ ಮಾಡಿದ ದ್ರಾವಣ. ಮೈ ಇದನ್ನು ಹೀರುವುದಿಲ್ಲ, ಮೈಯ ನೀರನ್ನು ಇದು ಎಳೆಯುವುದೂ ಇಲ್ಲ. ಭದ್ರಾ ನಾಲೆಯ ಕೊನೆ ಭಾಗದ ರೈತರು ಕನಸಿನಲ್ಲಿ ಕಾಣುವ ನಾಲೆ ಇದು: ಮೇಲೆ ಬಿಟ್ಟಷ್ಟೂ ನೀರು, ನಡುವೆ ಯಾವ ತೂಬಿಗೂ ಹೋಗದೆ, ಕೊನೆಗೆ ತಲುಪುತ್ತದೆ. ಅಮೆರಿಕದ ಮೂಲ ಅಳತೆ ನಾಲ್ಕು ಲೀಟರ್. ನಮ್ಮಲ್ಲಿ ಸಾಮಾನ್ಯವಾಗಿ ಸಿಗುವ 137 ಗ್ರಾಮಿನ ಪೊಟ್ಟಣ ಎರಡು ಲೀಟರಿಗೆ.

ಜಗಳೂರಿನ ನಿವೃತ್ತ ಮೇಷ್ಟ್ರೊಬ್ಬರ ಮನೆಯಲ್ಲಿ ಇದು ಹೇಗಿರುತ್ತದೆ ನೋಡಿ. ಪುಡಿ ಕಲಸಿದ ಸ್ಟೀಲ್ ಪಾತ್ರೆ, ಪಕ್ಕದಲ್ಲಿ ಕಾಲು ಲೀಟರಿನ ಲೋಟ, ಎದುರಿಗೆ ಗಡಿಯಾರ. ಹದಿನೈದು ನಿಮಿಷಕ್ಕೊಂದು ಲೋಟ. ಮೊದಲನೆಯದು ನಿಂಬೆ ಪಾನಕ. ಎರಡನೆಯದು ಉಪ್ಪು ಹೆಚ್ಚಾದ ನಿಂಬೆ ಪಾನಕ. ನಾಲ್ಕನೆಯದು ಎಣ್ಣೆ ಸವರಿದ ಸಮುದ್ರ. "ಮೂಗು ಮುಚ್ಕಂಡು ಕುಡೀರಿ, ಇನ್ನ ಅರ್ಧ ಪಾತ್ರೆ ಐತೆ" ಎನ್ನುತ್ತಾರೆ ಮನೆಯವರು. ಮೇಷ್ಟ್ರು ಲೋಟ ಕೆಳಗಿಟ್ಟು ಉತ್ತರ ಕೊಡಲು ಬಾಯಿ ತೆರೆಯುತ್ತಾರೆ, ಆದರೆ ಅಷ್ಟರಲ್ಲಿ ಹಿತ್ತಿಲ ಕಡೆಗೆ ಓಡಬೇಕಾಗುತ್ತದೆ. ಆಮೇಲೆ ಆ ಉತ್ತರ ನೆನಪಿರುವುದಿಲ್ಲ. ಫ್ರಿಜ್ಜಿನಲ್ಲಿಟ್ಟು ತಣ್ಣಗೆ ಮಾಡಿ, ಸ್ಟ್ರಾ ಹಾಕಿ ನಾಲಿಗೆಯ ಹಿಂದಕ್ಕೆ ಎಳೆದುಕೊಂಡರೆ ಅರ್ಧ ಕಷ್ಟ ಕಡಿಮೆ. ಇನ್ನರ್ಧ ಕಷ್ಟ ನಲ್ಲಿಯದ್ದು. ಬರದ ತಾಲ್ಲೂಕಿನಲ್ಲಿ ಕುಡಿಯುವುದು ಎರಡು ಲೀಟರಾದರೂ ಅದರ ಹಿಂದೆ ಹೋಗುವ ಬಕೆಟ್ಟುಗಳನ್ನು ಯಾವ ಕಂಪನಿಯೂ ಪೊಟ್ಟಣದ ಮೇಲೆ ಬರೆಯುವುದಿಲ್ಲ. ಹಿಂದಿನ ದಿನವೇ ಡ್ರಮ್ಮು ತುಂಬಿಸಿಟ್ಟುಕೊಳ್ಳುವುದು ಉತ್ತಮ.

ಅಮೆರಿಕದಲ್ಲಿರುವ ಮಗ ಫೋನಿನಲ್ಲಿ, "ಅಪ್ಪಾ, ಇಲ್ಲಿ ಮಾತ್ರೆ ಬಂದೈತೆ" ಎನ್ನುತ್ತಾನೆ. ನಿಜವೇ. 2020ರಲ್ಲಿ ಅಲ್ಲಿ ಒಪ್ಪಿಗೆ ಸಿಕ್ಕ ಮಾತ್ರೆಗಳಿವೆ, ಸಂಜೆ ಹನ್ನೆರಡು, ಬೆಳಿಗ್ಗೆ ಹನ್ನೆರಡು. ಪ್ರತಿ ಹನ್ನೆರಡಕ್ಕೂ ಒಂದು ಲೀಟರಿಗಿಂತ ಹೆಚ್ಚು ನೀರು. ನೀರಿನಿಂದ ತಪ್ಪಿಸಿಕೊಂಡವರು ಅಲ್ಲೂ ಇಲ್ಲ.

ಏನೇ ಕುಡಿದಿರಲಿ, ಡಾಕ್ಟರು ಕ್ಯಾಮೆರಾ ಒಳಗೆ ಬಿಟ್ಟು ಕರುಳು ಎಷ್ಟು ಶುಚಿಯಾಗಿದೆ ಎಂದು ಅಂಕ ಕೊಡುತ್ತಾರೆ. 2009ರಲ್ಲಿ ಬಾಸ್ಟನ್ನಿನಲ್ಲಿ ಮಾಡಿದ ಪದ್ಧತಿಯಲ್ಲಿ ಕರುಳಿನ ಮೂರು ಭಾಗಕ್ಕೆ ತಲಾ ಮೂರು, ಒಟ್ಟು ಒಂಬತ್ತು. ಪ್ರತಿ ಭಾಗದಲ್ಲೂ ಎರಡು ಬಂದರೆ ಪಾಸು. ಫೇಲಾದರೆ ಮತ್ತೆ ಪುಡಿ, ಮತ್ತೆ ಡ್ರಮ್ಮು. ಪಾಸಾಗುವ ಗುಟ್ಟು ಔಷಧಕ್ಕಿಂತ ಹೆಚ್ಚಾಗಿ ವೇಳೆಯಲ್ಲಿದೆ: ಅರ್ಧ ಹಿಂದಿನ ಸಂಜೆ, ಅರ್ಧ ಪರೀಕ್ಷೆಗೆ ನಾಲ್ಕೈದು ಗಂಟೆ ಮುಂಚೆ. ಎಲ್ಲವನ್ನೂ ಸಂಜೆಯೇ ಕುಡಿದು ಮಲಗಿದರೆ ಬೆಳಗಾಗುವುದರೊಳಗೆ ಸಣ್ಣ ಕರುಳಿನಿಂದ ಇಳಿದ ಅಂಟು ಬಲಭಾಗವನ್ನು ಮತ್ತೆ ಕೆಡಿಸಿರುತ್ತದೆ.

ಈ ನಿಯಮ ಬರೆದವರು ಆಸ್ಪತ್ರೆಯ ಹಿಂದಿನ ಬೀದಿಯಲ್ಲಿ ಮನೆ ಮಾಡಿದ್ದಿರಬೇಕು. 1965ರಲ್ಲಿ ಜೆ.ಜೆ.ಎಂ. ಮೆಡಿಕಲ್ ಕಾಲೇಜು ಬಂದಾಗಿನಿಂದ ಈ ಸೀಮೆಗೆ ದೊಡ್ಡ ಪರೀಕ್ಷೆ ಎಂದರೆ ದಾವಣಗೆರೆ. ನ್ಯಾಮತಿಯವರಿಗೆ ಶಿವಮೊಗ್ಗವೇ ಹತ್ತಿರ. ಹತ್ತು ಗಂಟೆಯ ಪರೀಕ್ಷೆಗೆ ಐದಕ್ಕೆ ಎದ್ದು ಲೀಟರ್ ಮುಗಿಸಿದವರು ಆರೂವರೆ ಬಸ್ಸು ಹತ್ತಬೇಕು. ಪುಡಿನೀರು ಕೆಲಸ ಶುರು ಮಾಡುವುದು ಕುಡಿದು ಸುಮಾರು ಗಂಟೆಗೆ, ಅಂದರೆ ಬಸ್ಸು ಊರು ದಾಟಿ ಹೊಲದ ನಡುವೆ ಇರುವಾಗ. ಕಂಡಕ್ಟರು ಎಷ್ಟೇ ಕರುಣಾಳುವಾದರೂ ಎಷ್ಟು ಸಲ ಸೀಟಿ ಊದಿಯಾನು? ಬುದ್ಧಿವಂತರು ಹಿಂದಿನ ರಾತ್ರಿಯೇ ದಾವಣಗೆರೆಗೆ ಬಂದು ಲಾಡ್ಜ್ ಹಿಡಿಯುತ್ತಾರೆ. ನೆಂಟರ ಮನೆ ಬೇಡ. ಒಂದೇ ಪಾಯಿಖಾನೆಯ ಮನೆಯಲ್ಲಿ ಬೆಳಿಗ್ಗೆ ಶಾಲೆಗೆ ಹೊರಡುವ ಮಕ್ಕಳಿರುತ್ತಾರೆ.

ಇದಕ್ಕಿಂತ ಸುಲಭದ ದಾರಿಯೂ ಇದೆ. ಮಧ್ಯಾಹ್ನ ಎರಡರ ಮೇಲಿನ ಪರೀಕ್ಷೆಯಾದರೆ ಎಲ್ಲ ಪುಡಿನೀರನ್ನೂ ಅದೇ ಬೆಳಿಗ್ಗೆ ಕುಡಿಯಬಹುದು, ಫಲಿತಾಂಶಕ್ಕೇನೂ ಕುಂದಿಲ್ಲ. ಆರಕ್ಕೆ ಶುರು ಮಾಡಿದರೆ ಎಂಟೂವರೆಗೆ ಪಾತ್ರೆ ಖಾಲಿ, ಹನ್ನೊಂದರ ಹೊತ್ತಿಗೆ ಬಹಳ ಜನರ ಹೊಟ್ಟೆ ಶಾಂತ. ಆದ್ದರಿಂದ ಡಾಕ್ಟರು ಚೀಟಿ ಬರೆಯುವಾಗ ಯಾವ ಪುಡಿ ಎಂದು ಕೇಳುವ ಮುಂಚೆ ನಿಮ್ಮ ಊರು, ಬಸ್ಸಿನ ವೇಳೆ ಹೇಳಿ, ಮಧ್ಯಾಹ್ನದ ಹೊತ್ತು ಕೇಳಿ. ಸಕ್ಕರೆ ಕಾಯಿಲೆಯ ಮಾತ್ರೆ, ರಕ್ತ ತೆಳುವಾಗಿಸುವ ಮಾತ್ರೆ, ಕಬ್ಬಿಣದ ಮಾತ್ರೆ, ಕಿಡ್ನಿ ತೊಂದರೆ ಇದ್ದರೆ ಆಗಲೇ ತಿಳಿಸಿ. ಜೊತೆಗೆ ಒಬ್ಬರನ್ನು ಕರೆದುಕೊಂಡು ಹೋಗಿ. ಮಂಪರಿನ ಇಂಜೆಕ್ಷನ್ ಆದ ದಿನ ಬೈಕು ಓಡಿಸುವಂತಿಲ್ಲ.