ದಂಡಿನ ವಿಭಾಗಸೂತ್ರ

ಪೀಠಿಕೆ: ತಂಡಗಳನ್ನು ಹೇಗೆ ವಿಂಗಡಿಸಬೇಕು, ಪ್ಲೇಆಫ್‌ಗೆ ಯಾರನ್ನು ಬಿಡಬೇಕು? ಅಮೆರಿಕದ ಬೇಸ್‌ಬಾಲ್ ಪಂಡಿತರು ತಲೆ ಕೆರೆದುಕೊಳ್ಳುತ್ತಲೇ ಇದ್ದಾರೆ. ಹಲಸೂರಿನ ಗೌತಮಪುರದಲ್ಲಿ, ಫುಟ್‌ಬಾಲಿನ ಪೆಲೆಯ ಪ್ರತಿಮೆಯ ಬಳಿ ಒಂದು ಟೀ ಕುಡಿದಿದ್ದರೆ ಸಾಕಿತ್ತು.

ಪೂರ್ವಪಕ್ಷ: 1949ರವರೆಗೆ ಬೆಂಗಳೂರಿನಲ್ಲಿ ಪೇಟೆಗೊಂದು ಪುರಸಭೆ, ದಂಡಿಗೊಂದು ಪುರಸಭೆ, ನಡುವೆ ಕಬ್ಬನ್ ಪಾರ್ಕು. ಬೇಸ್‌ಬಾಲಿನಲ್ಲೂ ಹಾಗೆಯೇ: 1876ರ ನ್ಯಾಷನಲ್ ಲೀಗ್ ಪೇಟೆ, 1901ರ ಅಮೆರಿಕನ್ ಲೀಗ್ ದಂಡು. ಪಾರ್ಕು ಮಾತ್ರ ಇಲ್ಲ. 1969ರಲ್ಲಿ ಒಂದೊಂದನ್ನೂ ಪೂರ್ವ, ಪಶ್ಚಿಮ ಎಂದು ಸೀಳಿದರು. ಪೂರ್ವದ ಅಟ್ಲಾಂಟಾ ಪಶ್ಚಿಮ ವಿಭಾಗಕ್ಕೆ ಹೋಯಿತು, ಅದಕ್ಕಿಂತ ಪಶ್ಚಿಮದ ಸೇಂಟ್ ಲೂಯಿಸ್ ಪೂರ್ವಕ್ಕೆ ಬಂತು. 1993ರವರೆಗೂ ಯಾರೂ ದಿಕ್ಸೂಚಿ ತೆಗೆಯಲಿಲ್ಲ. ಇದನ್ನು ತಪ್ಪೆನ್ನುವವರು ಕೆ.ಆರ್. ಪುರದಲ್ಲಿ ಆಟೊ ಹಿಡಿದವರಲ್ಲ. ಊರಿನ ದಿಕ್ಕು ನಿರ್ಧರಿಸುವವನು ಸೂರ್ಯನಲ್ಲ, ಡ್ರೈವರು. 1994ರಲ್ಲಿ ಅಮೆರಿಕದವರು ಒಂದೊಂದು ಲೀಗಿಗೂ ಮೂರು ವಿಭಾಗ ಮಾಡಿದರು. ನಮ್ಮ ಆಟೊದವರಲ್ಲಿ ಅವು ಮೊದಲೇ ಇದ್ದವು: 'ಬರ್ತೀನಿ', 'ಬರಲ್ಲ', 'ಒನ್ ಅಂಡ್ ಹಾಫ್ ಕೊಡಿ'.

ವ್ಯಾಖ್ಯೆ: 2022ರಿಂದ ಲೀಗಿಗೆ ಆರು ತಂಡ ಪ್ಲೇಆಫ್ ಸೇರುತ್ತವೆ, ಮೂರು ವಿಭಾಗದ ಮೊದಲಿಗರು, ಮೂರು ವೈಲ್ಡ್ ಕಾರ್ಡು. ವೈಲ್ಡ್ ಕಾರ್ಡೆಂದರೆ ಶಿವಾಜಿನಗರ ಬಸ್ಸಿನ ಫುಟ್‌ಬೋರ್ಡು: ಸೀಟು ಸಿಗದವನೂ ಊರು ಸೇರುತ್ತಾನೆ.

ಸಿದ್ಧಾಂತ: ದೋಷ ಇರುವುದು ಮೇಲಲ್ಲ, ಬುಡದಲ್ಲಿ. 162 ಪಂದ್ಯ ಆಡಿ ತಳ ಹಿಡಿದ ತಂಡ ಮರುವರ್ಷವೂ ಅದೇ ಕುರ್ಚಿಯಲ್ಲಿ ಕಾಲು ಚಾಚುತ್ತದೆ. ಬೆಂಗಳೂರಿನ ಫುಟ್‌ಬಾಲ್ ಭೂಪಟದಿಂದ ವಿಂಗಡಿಸುವುದಿಲ್ಲ, ಏಣಿಯಿಂದ ವಿಂಗಡಿಸುತ್ತದೆ: ಸೂಪರ್, ಎ, ಬಿ, ಸಿ ಡಿವಿಷನ್. ಸೋತವರು ಇಳಿಯಬೇಕು. ಕೆ.ಆರ್. ಪುರದ ಪಕ್ಕದ ದೂರವಾಣಿನಗರದ ಐಟಿಐ ಕಾರ್ಖಾನೆಯ ತಂಡ ರಾಷ್ಟ್ರೀಯ ಫುಟ್‌ಬಾಲ್ ಲೀಗಿನವರೆಗೂ ಹತ್ತಿತ್ತು. ಅಶೋಕನಗರದ ಮೈದಾನದ ಮೆಟ್ಟಿಲಲ್ಲಿ ಕೂತ ಮುದುಕರನ್ನು ನೋಡಿ. ಮೇಲಿನ ತಂಡ ಗೋಲು ಹೊಡೆದರೆ ಕಡಲೆಕಾಯಿ ಸುಲಿಯುತ್ತಲೇ ತಲೆಯಾಡಿಸುತ್ತಾರೆ. ಮುಳುಗುವ ತಂಡ ಹೊಡೆದರೆ ಮಡಿಲಿನ ಸಿಪ್ಪೆಯೆಲ್ಲ ಚೆಲ್ಲಿ ಎದ್ದು ನಿಲ್ಲುತ್ತಾರೆ. ಬೀಳುವ ಭಯವಿಲ್ಲದ ಲೀಗಿನಲ್ಲಿ ಕಡಲೆಕಾಯಿ ಖರ್ಚಾಗುತ್ತದೆ, ಸಿಪ್ಪೆ ಮಾತ್ರ ಚೆಲ್ಲುವುದಿಲ್ಲ.

ಫಲಶ್ರುತಿ: ಆದ್ದರಿಂದ ಬೇಸ್‌ಬಾಲಿಗೆ ನಮ್ಮ ಶಿಫಾರಸು. ಒಂದು, ದಿಕ್ಕು ಬಿಟ್ಟು ಏಣಿ ಹಿಡಿಯಿರಿ. ಎರಡು, ಟಿನ್ ಫ್ಯಾಕ್ಟರಿಯ ಟ್ರಾಫಿಕ್ ದಾಟಿ ನಾಲ್ಕು ಗಂಟೆಗೆ ಸರಿಯಾಗಿ ಮೈದಾನ ಸೇರಿದ ತಂಡಕ್ಕೆ ವೈಲ್ಡ್ ಕಾರ್ಡು. ತಡವಾದವರಿಗೆ ಸಿ ಡಿವಿಷನ್ನು. ಅಟ್ಲಾಂಟಾದವರಿಗೆ ಅವಸರವಿದ್ದರೆ ಆಟೊ ಇದೆ. ಒನ್ ಅಂಡ್ ಹಾಫ್ ಕೊಡಲಿ.