ಪೆಡಲ್ ಕೊಡುವ ಅರ್ಜಿ

ಪಕ್ಕದ ಮನೆ ರಾಯರು ಹೈಬ್ರಿಡ್ ಕಾರು ತಗೊಂಡ ಮೇಲೆ ನಮ್ಮಿಬ್ಬರ ನಡುವಿನ ಕಾಂಪೌಂಡ್ ಗೋಡೆಗೆ ಪುರುಸೊತ್ತಿಲ್ಲ. ಮೊದಲೆಲ್ಲ ಅದಕ್ಕೆ ಮೊಣಕೈ ಊರಿ ಕಾವೇರಿ ನೀರು ಬಿಡುವ ಹೊತ್ತು, ಬೀದಿ ನಾಯಿಯ ಸಂಸಾರ ಅಂತ ಮಾತಾಡುತ್ತಿದ್ದೆವು. ಈಗ ಬರೀ ಬ್ರೇಕು.

"ಅಲ್ರೀ, ಬಾಗಿಲು ತೆಗೆದರೆ ಸಾಕು, ಬಾನೆಟ್ ಒಳಗೆ ಝುಂಯ್ ಅಂತದೆ. ನಾನಿನ್ನೂ ಗುಂಡೀನೇ ಒತ್ತಿರಲ್ಲ!"

ಅದು ಬ್ರೇಕಿನ ಪಂಪು, ಅಂದೆ. ಮಾಮೂಲಿ ಪೆಟ್ರೋಲ್ ಕಾರಿನಲ್ಲಿ ನಮ್ಮ ಕಾಲಿನ ಬಲಕ್ಕೆ ಎಂಜಿನ್ನಿನ ನಿರ್ವಾತ ಕೈಜೋಡಿಸುತ್ತದೆ. ಹೈಬ್ರಿಡ್‌ನಲ್ಲಿ ಎಂಜಿನ್ ಅರ್ಧ ದಾರಿ ನಿದ್ದೆ ಮಾಡುತ್ತಿರುತ್ತದಲ್ಲ, ಅದನ್ನು ನಂಬಿಕೊಂಡು ಕೂರುವ ಹಾಗಿಲ್ಲ. ಅದಕ್ಕೇ ಹಲವು ಹೈಬ್ರಿಡ್‌ಗಳಲ್ಲಿ ವಿದ್ಯುತ್ ಪಂಪೊಂದು ಬ್ರೇಕ್ ಆಯಿಲನ್ನು ಅಕ್ಯುಮುಲೇಟರ್ ಅನ್ನುವ ಗಟ್ಟಿ ಡಬ್ಬಿಗೆ ತುಂಬಿ, ಅಲ್ಲಿರುವ ನೈಟ್ರೋಜನ್ ಅನಿಲವನ್ನು ಅದುಮಿ ಇಟ್ಟಿರುತ್ತದೆ. ಬಾಗಿಲು ತೆಗೆದಾಗ ಒಮ್ಮೆ ಸದ್ದಾದರೆ ಒತ್ತಡ ತುಂಬಿಕೊಳ್ಳುತ್ತಿದೆ ಅಂತ. ಸಿಗ್ನಲ್ಲಿನಲ್ಲಿ ಸುಮ್ಮನೆ ನಿಂತಾಗಲೂ ಮತ್ತೆ ಮತ್ತೆ ಝುಂಯ್ ಅಂದರೆ ಮಾತ್ರ ಒತ್ತಡ ಎಲ್ಲೋ ಸೋರುತ್ತಿದೆ.

ರಾಯರಿಗೆ ಸಮಾಧಾನವಾಗಲಿಲ್ಲ. "ಹಾಗಾದ್ರೆ ನಾನು ಪೆಡಲ್ ತುಳಿದಾಗ ಏನಾಗತ್ತೆ?"

ಇಲ್ಲಿದೆ ನೋಡಿ ತಮಾಷೆ. ಇಂಥ ಕಾರಿನಲ್ಲಿ ನೀವು ಬ್ರೇಕ್ ಹಾಕುವುದಿಲ್ಲ, ಬ್ರೇಕಿಗೆ ಅರ್ಜಿ ಹಾಕುತ್ತೀರಿ. ಎಷ್ಟು ತುಳಿದಿರಿ, ಎಷ್ಟು ಜೋರಾಗಿ ತುಳಿದಿರಿ ಅನ್ನುವುದನ್ನು ಸೆನ್ಸರ್‌ಗಳು ಬರೆದುಕೊಂಡು ಕಂಪ್ಯೂಟರಿಗೆ ಕಳಿಸುತ್ತವೆ. ಅದು ಹೆಡ್ ಗುಮಾಸ್ತನ ಹಾಗೆ ಫೈಲು ತಿರುವಿ, ಇಷ್ಟು ಭಾಗ ಮೋಟಾರ್ ಇಲಾಖೆಗೆ, ಉಳಿದದ್ದು ಆಯಿಲ್ ಇಲಾಖೆಗೆ ಅಂತ ಷರಾ ಬರೆಯುತ್ತದೆ. ಮೋಟಾರು ಜನರೇಟರ್ ಆಗಿ ಚಕ್ರವನ್ನು ಹಿಡಿದು ಬ್ಯಾಟರಿಗೆ ಕರೆಂಟು ಕೊಡುತ್ತದೆ, ಮಿಕ್ಕಿದ್ದನ್ನು ಪ್ಯಾಡು ಡಿಸ್ಕನ್ನು ಕಚ್ಚಿ ಮುಗಿಸುತ್ತದೆ. ಇನ್ನು ನಿಮ್ಮ ಪಾದಕ್ಕೆ ತಾಗುವ ಆ ಹಿತವಾದ ಎದುರೊತ್ತು? ಅದು ಚಕ್ರದಿಂದ ಬಂದದ್ದೇ ಅಲ್ಲ. ಸ್ಟ್ರೋಕ್ ಸಿಮ್ಯುಲೇಟರ್ ಅಂತ ಸ್ಪ್ರಿಂಗ್ ಇಟ್ಟ ಒಂದು ಪುಟ್ಟ ಸಿಲಿಂಡರ್ ಇರುತ್ತದೆ, ಕಾಲನ್ನು ನಂಬಿಸುವುದೇ ಅದರ ಕೆಲಸ. ಮೂವತ್ತು ವರ್ಷ ಅಂಬಾಸಿಡರ್, ಮಾರುತಿ ಓಡಿಸಿದ ರಾಯರು ಇದನ್ನು ಕೇಳಿ ಮೋಸಹೋದವರ ಮುಖ ಮಾಡಿದರು. ನನಗಂತೂ ಇದು ಮರ್ಯಾದಸ್ಥ ಸುಳ್ಳು ಅನ್ನಿಸುತ್ತದೆ.

ತೊಂದರೆ ಬರುವುದು ಒಂದು ಇಲಾಖೆ ಇನ್ನೊಂದಕ್ಕೆ ಚಾರ್ಜ್ ಒಪ್ಪಿಸುವ ಗಳಿಗೆಯಲ್ಲಿ. ಕಾರು ನಿಲ್ಲುವ ಹೊತ್ತಿಗೆ ಮೋಟಾರು ಕೈಬಿಟ್ಟು ಪ್ಯಾಡು ಹಿಡಿಯಬೇಕು. ಚಾರ್ಮಾಡಿಯೋ ಆಗುಂಬೆಯೋ ಇಳಿಯುವಾಗ ಬ್ಯಾಟರಿ ತುಂಬಿಹೋದರೆ ಕರೆಂಟು ಹಾಕಲು ಜಾಗವಿಲ್ಲ, ಆಗಲೂ ಅಷ್ಟೇ. ಗೇರಿನಲ್ಲಿ 'ಬಿ' ಅಂತ ಇದ್ದರೆ ಘಾಟಿಯಲ್ಲಿ ಅದಕ್ಕೆ ಹಾಕಿ, ಎಂಜಿನ್ನನ್ನು ಬರಿದೇ ತಿರುಗಿಸಿ ಆ ಶಕ್ತಿ ಕಳೆಯುತ್ತದೆ. ಎಂಜಿನ್ ಗೋಳಾಡಿದರೆ ಗಾಬರಿ ಬೇಡ.

ಇನ್ನು ಚಕ್ರ ಜಾರಿದರೆ ಎಬಿಎಸ್ ನುಗ್ಗಿ ಮೋಟಾರಿನ ಹಿಡಿತ ಬಿಡಿಸಿ, ಪೂರ್ತಿ ಆಯಿಲಿಗೆ ಒಪ್ಪಿಸುತ್ತದೆ. 2010ರಲ್ಲಿ ಟೊಯೊಟಾಗೆ ಬಿಸಿ ಮುಟ್ಟಿಸಿದ್ದು ಇದೇ. 1997ರ ಡಿಸೆಂಬರಿನಿಂದ ಜಪಾನಿನಲ್ಲಿ ಪ್ರಿಯಸ್ ಮಾರಿ ಹೆಸರು ಮಾಡಿದ್ದ ಕಂಪನಿ ಅದು. ಮೂರನೇ ತಲೆಮಾರಿನ ಪ್ರಿಯಸ್ ಓಡಿಸುತ್ತಿದ್ದವರು, ಗುಂಡಿ ಬಿದ್ದ ಅಥವಾ ಹಿಮ ಬಿದ್ದ ರಸ್ತೆಯಲ್ಲಿ ಮೆಲ್ಲಗೆ ಬ್ರೇಕ್ ಒತ್ತಿದರೆ ಒಂದು ಕ್ಷಣ ಕಾರು ಮುಂದಕ್ಕೆ ಹಾರಿದ ಹಾಗಾಗುತ್ತದೆ ಅಂತ ದೂರಿದರು. ಕಂಪನಿ ಮೊದಮೊದಲು ಇದೆಲ್ಲ ಚಾಲಕರ ಅನುಭವದ ಮಾತು ಅನ್ನುವ ಧಾಟಿಯಲ್ಲಿತ್ತು. ಕೆಲವೇ ದಿನಗಳಲ್ಲಿ ಜಗತ್ತಿನಾದ್ಯಂತ ಸುಮಾರು 4,37,000 ಹೈಬ್ರಿಡ್‌ಗಳನ್ನು ವಾಪಸ್ ಕರೆಸಿ ಎಬಿಎಸ್ ಸಾಫ್ಟ್‌ವೇರ್ ಬದಲಿಸಿತು. ಅನುಭವ ಅಂದರೆ ಸಣ್ಣದೇ ಸ್ವಾಮಿ? ಎದುರಿಗೆ ಲಾರಿಯ ಹಿಂಭಾಗ ಕಾಣುತ್ತಿರುವಾಗ ಅದಕ್ಕಿಂತ ದೊಡ್ಡದು ಇನ್ನೇನಿದೆ! ಅದೇ ದಿನಗಳಲ್ಲಿ ಫೋರ್ಡ್ ಕೂಡ ತನ್ನ ಫ್ಯೂಷನ್ ಹೈಬ್ರಿಡ್‌ಗೆ ಸಾಫ್ಟ್‌ವೇರ್ ತಿದ್ದುಪಡಿ ಕೊಟ್ಟಿತು. ಅಲ್ಲಿ ಕಾರು ವಿನಾಕಾರಣ ಮಾಮೂಲಿ ಬ್ರೇಕಿಗೆ ಜಾರುತ್ತಿತ್ತು, ಪೆಡಲಿನ ಗುಣ ಬದಲಾದದ್ದಕ್ಕೇ ಜನ ಬ್ರೇಕ್ ಹೋಯಿತು ಅಂದುಕೊಳ್ಳುತ್ತಿದ್ದರು.

ನಿಜವಾಗಿ ಲೋಹವೇ ಕೈಕೊಟ್ಟದ್ದೂ ಉಂಟು. 2013ರಲ್ಲಿ ಟೊಯೊಟಾ ಮತ್ತೆ ಸುಮಾರು 2,42,000 ಕಾರುಗಳನ್ನು ಕರೆಸಿತು. ಅಕ್ಯುಮುಲೇಟರಿನಲ್ಲಿ ಬಿರುಕು ಬಿಟ್ಟು ನೈಟ್ರೋಜನ್ ಬ್ರೇಕ್ ಆಯಿಲಿಗೆ ಸೇರಿ, ಪೆಡಲು ಆಳಕ್ಕೆ ಇಳಿಯುವ ಸಾಧ್ಯತೆ ಇತ್ತು.

"ಗುಮಾಸ್ತನೇ ರಜೆ ಹಾಕಿದರೆ?" ರಾಯರದ್ದು ನಿವೃತ್ತ ಸರ್ಕಾರಿ ಬುದ್ಧಿ.

ಅದನ್ನೂ ಯೋಚಿಸಿಟ್ಟಿದ್ದಾರೆ. ಎರಡನೇ ತಲೆಮಾರಿನ ಪ್ರಿಯಸ್‌ನಲ್ಲಿ ಕರೆಂಟು ಹೋದರೆ ಕವಾಟಗಳು ತಾವಾಗಿ ತೆರೆದುಕೊಂಡು, ನಿಮ್ಮ ಕಾಲಿನ ಒತ್ತಡ ನೇರ ಮುಂದಿನ ಎರಡು ಚಕ್ರಕ್ಕೆ ಹೋಗುತ್ತದೆ. ಬರೀ ಕಾಲ ಬಲ, ಬೇರೆ ಸಹಾಯವಿಲ್ಲ. ಹಾಗಾಗಿ ಕೆಂಪು ದೀಪ ಹತ್ತಿ ಬೀಪ್ ಅಂದರೆ ಪೆಡಲನ್ನು ಪಂಪು ಹೊಡೆಯುತ್ತಾ ಕೂರಬಾರದು, ಎರಡೂ ಕಾಲು ಹಾಕಿಯಾದರೂ ಜೋರಾಗಿ ಒತ್ತಿ ಹಿಡಿಯಬೇಕು. ನಿಂತ ಮೇಲೆ ಟೋ ಗಾಡಿ. ಮನೆಗೆ ಹತ್ತಿರವೇ ತಾನೇ ಅಂತ ಓಡಿಸಿಕೊಂಡು ಬರುವುದಲ್ಲ.

ಪ್ಯಾಡು ಬಹಳ ಬಾಳಿಕೆ ಬರುತ್ತದೆ ಅಂತ ಶೋರೂಮಿನವರು ಹೇಳಿದ್ದು ನಿಜ, ಅದಕ್ಕೆ ಕೆಲಸವೇ ಕಡಿಮೆ. ಆದರೆ ಕೆಲಸವಿಲ್ಲದ ಕಬ್ಬಿಣ ತುಕ್ಕು ಹಿಡಿಯುತ್ತದೆ. ಮಂಗಳೂರು, ಉಡುಪಿಯ ಉಪ್ಪುಗಾಳಿಯಲ್ಲಂತೂ ಡಿಸ್ಕು ಕೆಂಪಗಾಗಿ, ಕ್ಯಾಲಿಪರಿನ ಪಿನ್ನು ಅಂಟಿಕೊಂಡಿರುತ್ತದೆ, ಮೋಟಾರಿನ ಮರೆಯಲ್ಲಿ ನಿಮಗೆ ಗೊತ್ತೇ ಆಗುವುದಿಲ್ಲ. ಪ್ಯಾಡು ಸವೆಯದಿದ್ದರೂ ಬಿಚ್ಚಿ ನೋಡಿಸಿ. ಆಯಿಲನ್ನು ಬದಲಿಸಿ, ಅದು ಗಾಳಿಯ ತೇವ ಹೀರುತ್ತದೆ. ಡಾಟ್ 3 ಆಯಿಲ್ ಹೊಸತಿದ್ದಾಗ ಕನಿಷ್ಠ 205 ಡಿಗ್ರಿ ತಡೆದರೆ, ನೀರು ಕುಡಿದ ಮೇಲೆ 140ರಲ್ಲೇ ಕುದ್ದೀತು.

"ಅದಕ್ಕೇನು, ಮೂಲೆ ಗ್ಯಾರೇಜಿನ ಹುಡುಗ ಪೆಡಲ್ ತುಳಿಸಿ ಅರ್ಧ ಗಂಟೇಲಿ ಮುಗಿಸ್ತಾನೆ."

ಅದೇ ಬೇಡ ಅಂದೆ. ಪಂಪು, ಅಕ್ಯುಮುಲೇಟರ್ ಇರುವ ಕಾರಿನಲ್ಲಿ ಹಳೇ ರೀತಿ ಗಾಳಿ ತೆಗೆಯಲು ಹೋದರೆ ಎಲ್ಲೋ ಒಳಗೆ ಗುಳ್ಳೆ ಉಳಿದುಬಿಡುತ್ತದೆ. ಸ್ಕ್ಯಾನರ್ ಸಿಕ್ಕಿಸಿ, ಅದು ಹೇಳಿದ ಕ್ರಮದಲ್ಲೇ ಮಾಡಬೇಕು. ಪ್ಯಾಡು ಬಿಚ್ಚಿ ಕೈ ಒಳಗಿಟ್ಟಾಗ ವ್ಯವಸ್ಥೆ ತಾನಾಗಿ ಎಚ್ಚೆತ್ತು ಒತ್ತಡ ಬಿಟ್ಟರೆ ಬೆರಳು ಉಳಿಯದು. ಮೊದಲು ಆ ಹುಡುಗನ ಹತ್ತಿರ ಸ್ಕ್ಯಾನರ್ ಇದೆಯಾ ಕೇಳಿ.

ರಾಯರು ಅಲ್ಲೇ ನಿಂತು ಫೋನ್ ಮಾಡಿದರು. ಸ್ವಲ್ಪ ಹೊತ್ತು ಹೂಂಗುಟ್ಟಿ ನನ್ನ ಕಡೆ ತಿರುಗಿದರು: "ಇದೆಯಂತೆ ಕಣ್ರೀ. ಪಕ್ಕದ ಜೆರಾಕ್ಸ್ ಅಂಗಡೀಲಿ."